ಮೈಲಾರನ ಮೈಯಲ್ಲಿ ಜಸ್ತ

ಸೋಯಾ ಕೊಯ್ದು ಐದು ದಿನವಾಗಿತ್ತು. ದಸರೆ ಮುಗಿದರೂ ಮೋಡ ಹರಿದಿರಲಿಲ್ಲ. ಮಧ್ಯಾಹ್ನವಾದರೆ ಸಾಕು, ಮಾಂಜ್ರಾ ನದಿಯ ಕಡೆಯಿಂದ ಕಪ್ಪು ಕಟ್ಟಿಕೊಂಡು ಬರುತ್ತಿತ್ತು. ಸಂತಪುರದಿಂದ ಎರಡು ಮೈಲಿ ಒಳಗಿದ್ದ ಆ ಊರಿನ ಹೊಲಗಳಲ್ಲೆಲ್ಲ ಬಣವೆಗಳು ತಾಡಪತ್ರಿ ಹೊದ್ದು ಕೂತಿದ್ದವು. ರಾಶಿ ಮಾಡುವ ಮಷಿನ್ನು ಊರಿಗೆಲ್ಲ ಒಂದೇ. ಮಡೆಪ್ಪನ ಪಾಳಿ ಅವತ್ತು ಬಂದಿತ್ತು. ಅವನು ಮಷಿನ್ನಿನ ಬಾಯಿಗೆ ಒಣಗಿದ ಗಿಡಗಳನ್ನು ಒಡ್ಡುತ್ತಿದ್ದ. ಹೆಂಡತಿ ವಿಮಲಾಬಾಯಿ ಕಾಳು ಬೀಳುವಲ್ಲಿ ಚೀಲ ಹಿಡಿದು ಕೂತಿದ್ದಳು. ಹೊಟ್ಟಿನ ದೂಳು ಇಬ್ಬರ ಹುಬ್ಬಿನ ಮೇಲೂ ಕೂತು, ಇಬ್ಬರೂ ಹತ್ತು ವರ್ಷ ಹೆಚ್ಚು ಮುದುಕರಾದಂತೆ ಕಾಣುತ್ತಿದ್ದರು.

ವಸಂತರಾವ ಗುರೂಜಿ ಬದುವಿನ ಮೇಲೆ ಮೋಟಾರ್ ಸೈಕಲ್ ನಿಲ್ಲಿಸಿ, ಅಲ್ಲಿಂದಲೇ ಕೈ ಬೀಸಿದರು. ಸಾಲಿಯ ಮಾಸ್ತರಿಕೆಯಿಂದ ನಿವೃತ್ತರಾಗಿ ಎಂಟು ವರ್ಷವಾಗಿತ್ತು. ಈಗ ಮೈಲಾರನ ಗುಡಿ ಕಮಿಟಿಗೆ ಅವರೇ ಅಧ್ಯಕ್ಷರು.

“ಮಡೆಪ್ಪಾ, ಒಂದ್ ಗಳಿಗಿ ಬಂದ್ ಮಾಡಸು ಅದನ್ನ!”

“ಪಾಳಿ ಅದರಿ ಗುರೂಜಿ. ಮೋಡ ನೋಡ್ರಿ ಹ್ಯಾಂಗ ಬರಲತಾವ.”

“ಮೋಡ ದಿನಾ ಬರ್ತಾವ. ಮೇಡಂ ದಿನಾ ಬರ್ತಾರೇನು? ಬೇಸ್ತವಾರ ಬರ್ತೇನಿ ಅಂತ ಫೋನ್ ಮಾಡ್ಯಾರ. ನಾ ಔರಾದಿಗೆ ಅರ್ಜಿ ಕೊಟ್ಟು ಎರಡು ವರ್ಷ ಆಯ್ತು. ಖರೇ ಹೇಳ್ತೇನಿ, ನನಗ ರಾತ್ರಿ ನಿದ್ದಿ ಬರಲಿಲ್ಲ.”

ಮೇಡಂ ಎಂದರೆ ಹಳೆಯ ಮೂರ್ತಿಗಳನ್ನು ನೋಂದಾಯಿಸುವ ಕಚೇರಿಯ ಅಧಿಕಾರಿ ಮಂಜಿರಿ. ಕೈಯಲ್ಲಿ ಹಿಡಿಯುವಂಥ ಒಂದು ಯಂತ್ರವನ್ನು ಆಕೆ ತರುತ್ತಾರೆಂದು ಗುರೂಜಿ ಹೇಳಿದರು. “ಮೂರ್ತಿಗೆ ಹಚ್ಚಿದ್ರ ಸಾಕಂತ. ತಾಮ್ರ ಎಷ್ಟು, ತವರ ಎಷ್ಟು, ಎಲ್ಲಾ ಹೇಳಿಬಿಡ್ತದಂತ. ಎಂಟುನೂರು ವರ್ಷದ್ದು ಅಂತ ಒಮ್ಮೆ ಕಾಗದದ ಮ್ಯಾಲ ಬಂತಂದ್ರ, ರಸ್ತೆ ಬರ್ತದ, ಗುಡಿಗೆ ಕಂಪೌಂಡ್ ಬರ್ತದ. ನೀ ಏನೂ ಮಾಡಬ್ಯಾಡ. ಮೂರ್ತಿ ಚಂದಾಗಿ ತೊಳದು ಇಡು, ಅಷ್ಟೇ.”

ಮಡೆಪ್ಪ ಹೂಂ ಎಂದ. ಗುರೂಜಿ ಹೋದ ಮೇಲೆ ಗಿಡಗಳ ಕಟ್ಟನ್ನು ಎತ್ತಿದವನು ಮಷಿನ್ನಿಗೆ ಒಡ್ಡುವುದನ್ನೇ ಮರೆತು ಹಾಗೇ ನಿಂತ. ಮಷಿನ್ ನಡೆಸುವವನು ಬೈದ. ವಿಮಲಾಬಾಯಿ ಗಂಡನ ಮುಖವನ್ನು ನೋಡಿ, ಚೀಲದ ಬಾಯಿ ಕಟ್ಟಿದಳು.

ಆ ಮೂರ್ತಿ ಒಂದೂವರೆ ಗೇಣು ಎತ್ತರದ್ದು, ಕಂಚಿನದು. ಓಡುವ ಕುದುರೆಯ ಮೇಲೆ ಖಡ್ಗ ಎತ್ತಿದ ಮೈಲಾರ, ಅವನ ಬೆನ್ನಿಗೆ ಅಂಟಿ ಕೂತ ಮಾಳವ್ವ, ಗೊರಸಿನ ಕೆಳಗೆ ಇಬ್ಬರು ದೈತ್ಯರು, ಬದಿಯಲ್ಲಿ ತಲೆ ಎತ್ತಿ ಒಡೆಯನನ್ನು ನೋಡುವ ನಾಯಿ. ಬೀದರ, ಭಾಲ್ಕಿ, ಔರಾದ ಮೂರೂ ತಾಲೂಕುಗಳಲ್ಲಿ ಅದಕ್ಕೆ ಹೆಸರಿತ್ತು. ಊರಿನವರು ಮಲ್ಲಯ್ಯ ಎನ್ನುತ್ತಿದ್ದರು, ಕಮಲನಗರದ ಕಡೆಯಿಂದ ಬರುವ ಮರಾಠಿ ಮಂದಿ ಖಂಡೋಬಾ ಎನ್ನುತ್ತಿದ್ದರು. ಹೊಸದಾಗಿ ಮದುವೆಯಾದವರು ಬಂದು, ಗಂಡ ಹೆಂಡತಿಯನ್ನು ಎತ್ತಿಕೊಂಡು ಐದು ಹೆಜ್ಜೆ ನಡೆದು, ಆಕೆಯ ಕೈಯಿಂದ ಮಾಳವ್ವನ ಪಾದಕ್ಕೆ ಅರಿಸಿನದ ಭಂಡಾರ ಹಚ್ಚಿಸಬೇಕು. ಬೇರೆ ದೇವರ ಹೆಂಡಂದಿರು ಗುಡಿಯಲ್ಲಿ ಬದಿಗೆ ನಿಲ್ಲುತ್ತಾರೆ, ನಮ್ಮ ಮಾಳವ್ವ ಯುದ್ಧಕ್ಕೂ ಜೊತೆಗೆ ಹೋದವಳು ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು. ಗಂಡ-ಹೆಂಡಿರ ಜಗಳಗಳು, ಬದುವಿನ ತಂಟೆಗಳು ಅದರ ಮುಂದೆ ಭಂಡಾರ ಮುಟ್ಟಿ ತೀರುತ್ತಿದ್ದವು. ವಸಂತರಾವ ಗುರೂಜಿ ಸಾಲಿಯ ಗೋಡೆಯ ಮೇಲೆ “ನಮ್ಮೂರ ಮೈಲಾರ, ಎಂಟುನೂರು ವರ್ಷ ಹಳೆಯದು” ಎಂದು ತಮ್ಮ ಕೈಯಾರೆ ಬರೆದಿದ್ದರು. ಮೂವತ್ತು ವರ್ಷಗಳಲ್ಲಿ ಆ ಸಾಲಿಗೆ ಬಂದ ಮಕ್ಕಳೆಲ್ಲ ಅದನ್ನು ಓದಿಕೊಂಡೇ ದೊಡ್ಡವರಾದರು.

ಮೂರ್ತಿಯ ಸೇವೆ ಮಡೆಪ್ಪನ ಮನೆತನದ್ದು. ಅದು ಎಂಟುನೂರು ವರ್ಷದ್ದಲ್ಲ ಎಂಬುದು ಗೊತ್ತಿದ್ದದ್ದು ಆ ಮನೆಗೆ ಮಾತ್ರ.

ಮಡೆಪ್ಪನಿಗೆ ಆಗ ಹನ್ನೆರಡು ವರ್ಷ. ಅವನ ಅಪ್ಪ ಗುಂಡಪ್ಪ ಮೂರ್ತಿಯನ್ನು ತೊಳೆಯಲು ಮಾಂಜ್ರಾಕ್ಕೆ ಒಯ್ದವನು ಬಂಡೆಯ ಮೇಲೆ ಕಾಲು ಜಾರಿ ಬಿದ್ದ. ಕುದುರೆಯ ಮುಂಗಾಲು ಮುರಿದು ನೀರಿಗೆ ಹೋಯಿತು. ಎಷ್ಟು ಮುಳುಗಿ ಹುಡುಕಿದರೂ ಸಿಗಲಿಲ್ಲ. ಅಂಗ ಮುರಿದ ದೇವರು ಭಿನ್ನವಾದಂತೆ. ಅದಕ್ಕೆ ಪೂಜೆ ಇಲ್ಲ, ಹೊಳೆಗೇ ಬಿಡಬೇಕು. ಗುಂಡಪ್ಪ ಬಿಡಲಿಲ್ಲ. ದೇವರನ್ನು ಉಜಳಿಸಲು, ಎಂದರೆ ತಿಕ್ಕಿ ಹೊಳಪು ಬರಿಸಲು, ಅಕ್ಕಸಾಲಿಗನ ಬಳಿ ಒಯ್ಯುವುದು ಆ ಸೀಮೆಯ ರೂಢಿಯೇ. ಹಾಗೆಂದು ಊರಿಗೆ ಹೇಳಿ, ಕೌದಿಯಲ್ಲಿ ಸುತ್ತಿಕೊಂಡು, ಮಗನನ್ನೂ ಕರೆದುಕೊಂಡು ಬೀದರಿನ ಬಸ್ಸು ಹತ್ತಿದ. ಅಲ್ಲಿ ಬಿದರಿ ಕೆಲಸದ ಒಬ್ಬ ಎರಕದವನು ಇಲ್ಲದ ಕಾಲನ್ನು ಮೇಣದಲ್ಲಿ ಮಾಡಿ ಕೂರಿಸಿ, ಆ ಮೂರ್ತಿಯನ್ನು ಭಾಗ ಭಾಗವಾಗಿ ಮರಳಿನಲ್ಲಿ ಒತ್ತಿ ಅಚ್ಚು ತೆಗೆದುಕೊಂಡ. ಆಮೇಲೆ ಆ ಹಳೆಯ ಮೂರ್ತಿಯನ್ನೇ ಕರಗಿಸಲು ಕುಲುಮೆಗೆ ಹಾಕಿದ. ಒಂದು ಗಳಿಗೆಯಲ್ಲಿ ಕುಲುಮೆಯಿಂದ ದಟ್ಟನೆಯ ಬಿಳಿ ಹೊಗೆ ಎದ್ದಿತು. ದೇವರು ಎದ್ದು ಹೋದ ಎಂದು ಹುಡುಗ ಗಟ್ಟಿಯಾಗಿ ಅತ್ತಿದ್ದ.

ಮರಳಿ ತಂದ ಮೂರ್ತಿ ಹೊಳೆಯುತ್ತಿತ್ತು. ಚಂದ ಉಜಳಿಸ್ಯಾರ ಎಂದು ಊರು ಮೆಚ್ಚಿತು. ಆದರೆ ಎರಕ ಆರುವಾಗ ಲೋಹ ಕುಗ್ಗುತ್ತದೆ. ಹೊಸ ಮೂರ್ತಿ ಕಲ್ಲಿನ ಪೀಠದ ಕುಳಿಯಲ್ಲಿ ಒಂದು ಜೋಳದ ಕಾಳಿನಷ್ಟು ಸಡಿಲವಾಗಿ ಕೂತಿತು. ಗುಂಡಪ್ಪ ಅಲ್ಲಿ ಅರಗು ತುಂಬಿದ. ಅವನ ನಂತರ ಮಡೆಪ್ಪನ ತಾಯಿ, ಆಮೇಲೆ ವಿಮಲಾಬಾಯಿ, ವರ್ಷಕ್ಕೊಮ್ಮೆ ಬಾಗಿಲು ಹಾಕಿಕೊಂಡು ಆ ಅರಗನ್ನು ತುಂಬುತ್ತ ಬಂದಿದ್ದರು.

ಗುರೂಜಿ ಬಂದು ಹೋದ ಆ ಸಂಜೆ ಮಡೆಪ್ಪ ಮುರಿದ ರೊಟ್ಟಿಯನ್ನು ಬಾಯಿಗಿಡಲಿಲ್ಲ.

“ಹೇಳಿಬಿಡ್ರಿ,” ಎಂದಳು ವಿಮಲಾಬಾಯಿ. “ಆ ಮಷಿನ್ ಹೇಳೋಕಿಂತ ಮೊದಲ ನೀವೇ ಹೇಳಿಬಿಡ್ರಿ.”

“ಹೇಳಿದ್ರ, ಹಳೇದು ಎಲ್ಲಿ ಮಾರಿದ್ರಿ ಅಂತಾರ.”

“ಹಳೇದೇ ಕರಗಿಸಿ ಮಾಡಿದ್ದು ಅಂತ ಅನ್ರಿ.”

“ನೋಡಿದವರು ಯಾರ? ನಾ ಒಬ್ಬವ. ಕಳ್ಳನ ಸಾಕ್ಷಿಗೆ ಕಳ್ಳನ ಮಗನೇ ಬಂದ ಅಂತಾರ.”

ಹೋದ ವರ್ಷ ಹೊಳೆಯಾಚೆಯ ಒಂದು ಗುಡಿಯ ಬೆಳ್ಳಿ ಮುಖವಾಡ ಕಳುವಾದಾಗ ಪೂಜೆಯವರ ಮನೆಯನ್ನೇ ಅಗೆದು ಹುಡುಕಿದ್ದರು. ಏನೂ ಸಿಗಲಿಲ್ಲ. ಆದರೂ ಇಂದಿಗೂ ಆ ಮನೆಯ ನೀರು ಯಾರೂ ಮುಟ್ಟುವುದಿಲ್ಲ. ಇಬ್ಬರಿಗೂ ಅದು ನೆನಪಾಗಿತ್ತು.

“ಆ ಎರಕದವ ಇದ್ದಾನೋ ಇಲ್ಲೋ?” ಎಂದಳು ಕೊನೆಗೆ.

ಬುಧವಾರ ಬೆಳಿಗ್ಗೆ ಸೋಯಾ ಚೀಲಗಳನ್ನು ಪಡಸಾಲೆಗೆ ಒಟ್ಟಿ, ಮಡೆಪ್ಪ ಸಂತಪುರಕ್ಕೆ ನಡೆದು ಬೀದರಿನ ಬಸ್ಸು ಹತ್ತಿದ. ಪೇಟೆಯ ನಡುವಿನ ಚೌಬಾರಾ ಗೋಪುರದ ಹಿಂದಿನ ಓಣಿಗಳಲ್ಲಿ ಎರಡು ತಾಸು ಅಲೆದ. ಹೆಸರು ಮಕ್ಬೂಲ ಎಂಬುದಷ್ಟೇ ಅವನಿಗೆ ನೆನಪಿತ್ತು. ಯಾವ ಮಕ್ಬೂಲ ಎಂದು ಎಲ್ಲರೂ ಕೇಳುವವರೇ. ಮೈಲಾರನ ಮೂರ್ತಿ ಮಾಡಿದವರು ಎಂದು ಹೇಳುವಂತಿರಲಿಲ್ಲ. ಆ ಮಾತು ಬಾಯಿಗೆ ಬಂದು ಬಂದು ಹಿಂದೆ ಹೋಗುತ್ತಿತ್ತು. ಕೊನೆಗೆ ಒಂದು ಬಾಗಿಲಲ್ಲಿ, ಕರಿಯ ಹೂಜಿಯ ಮೇಲೆ ಬೆಳ್ಳಿಯ ತಂತಿ ಕೂರಿಸುತ್ತಿದ್ದ ಹೆಂಗಸು ತಲೆ ಎತ್ತಿ, “ನಮ್ಮ ಮಾವನೋರೇ ಇರಬೇಕು, ಒಳಗ ಬರ್ರಿ ಕಾಕಾ,” ಎಂದಳು. ಆಕೆ ಫರಹತ, ಮಕ್ಬೂಲನ ಸೊಸೆ.

ಮಕ್ಬೂಲ ಎಂಬತ್ತು ದಾಟಿದ್ದ. ಕಣ್ಣಿಗೆ ಪೊರೆ ಬಂದಿತ್ತು. ಕಿವಿ ಮಾತ್ರ ಚುರುಕಿತ್ತು.

“ಸಂತಪುರದ ಕಡಿಯಿಂದ ಬಂದೇನ್ರಿ. ಗುಂಡಪ್ಪನ ಮಗ.”

ಮುದುಕ ದನಿ ಬಂದ ಕಡೆ ಮುಖ ತಿರುಗಿಸಿದ. “ಹೊಗಿ ನೋಡಿ ಅತ್ತವ?”

“ಹೌದ್ರಿ ಚಾಚಾ, ನಾನೇ.”

“ಐವತ್ತು ವರ್ಷ ಆಯ್ತು. ಜ್ವಾಳ ಎಲ್ಲಿ ಅದ?”

ಮಡೆಪ್ಪನಿಗೆ ತಿಳಿಯಲಿಲ್ಲ. ಫರಹತ ನಗುತ್ತ, “ಇವರು ನನ್ನ ಲಗ್ನ ಆದ ದಿನದಿಂದ ಒಂದೇ ಹೇಳ್ತಾರ್ರಿ, ಸಂತಪುರದಿಂದ ಜ್ವಾಳ ಬರೋದದ ಅಂತ. ನಾ ಸುಳ್ಳು ಅಂದಿದ್ದೆ,” ಎಂದಳು.

“ನಿಮ್ಮಪ್ಪ ನನಗ ರೊಕ್ಕ ಕೊಡಲಿಲ್ಲ, ನಾ ಕೇಳಲೂ ಇಲ್ಲ,” ಎಂದ ಮಕ್ಬೂಲ. “ಈ ದೇವರು ಕೂತಿರೋ ತನಕ ವರ್ಷಕ್ಕ ಒಂದು ಚೀಲ ಬಿಳಿ ಜ್ವಾಳ ಕೊಡ್ತೇನಿ, ಬಡಗಿ ಕಂಬಾರರಿಗೆ ಸುಗ್ಗಿಗೆ ಕಾಳಿನ ಆಯ ಕೊಟ್ಟಂಗ ಅಂದ. ನನಗ ಖುಷಿ ಆಯ್ತು. ಒಂದು ಊರು ನನ್ನನ್ನೂ ತನ್ನ ಕಸುಬಿನವ ಅಂತ ಹಿಡೀತು ಅಂದುಕೊಂಡೆ. ಮೂರು ವರ್ಷ ಬಂತು. ಆಮ್ಯಾಲ ಇಲ್ಲ. ಒಮ್ಮೆ ಬಜಾರದಾಗ ಸಿಕ್ಕು, ಬೀದರಿಗೆ ಯಾಕ ಜ್ವಾಳ ಒಯ್ತಿ ಅಂತ ಮಂದಿ ಕೇಳ್ತಾರ ಅಂದ. ಅಂಜಿಬಿಟ್ಟ. ಜ್ವಾಳ ಹೋಗಲಿ, ಮತ್ತ ಮಾರಿ ಸುದ್ದಾ ತೋರಸಲಿಲ್ಲ.”

ಮಡೆಪ್ಪ ತಲೆ ತಗ್ಗಿಸಿದ. “ನನಗ ಗೊತ್ತಿರಲಿಲ್ರಿ.” ಆಮೇಲೆ ಬಂದ ಕಾರಣ ಹೇಳಿದ. ಯಂತ್ರದ ಮಾತು ಬಂದಾಗ ಮಕ್ಬೂಲ ಗದ್ದ ತುರಿಸಿಕೊಂಡ.

“ಜಸ್ತ ಸಿಗ್ತದ ಅದರಾಗ.”

ಜಸ್ತ ಎಂದರೆ ಸತು. ಬಿದರಿಯ ಹೂಜಿ, ತಟ್ಟೆ, ಹುಕ್ಕಾ ಎಲ್ಲವೂ ಅದರದ್ದೇ. ಆ ಓಣಿಯಲ್ಲಿ ಯಾವ ಕುಲುಮೆಯ ಪಕ್ಕ ನೋಡಿದರೂ ಅದರ ಗಟ್ಟಿಗಳು ಬಿದ್ದಿರುತ್ತವೆ.

“ನಾ ಕಂಚಿನವ ಅಲ್ಲ, ಬಿದರಿಯವ. ಕಾಲಿನ ತೂಕ ಕಡಿಮಿ ಬಿದ್ದಿತ್ತು, ನಿಮ್ಮಪ್ಪ ಮನಿ ಕಂಚಿನ ತಾಟು ಒಂದು ತಂದಿದ್ದ, ಅದನ್ನೂ ಹಾಕಿದೆ. ಆದರೂ ಸಾಲಲಿಲ್ಲ. ಕೈ ತಾನೇ ಜಸ್ತದ ಕಡಿ ಹೋಯ್ತು. ಹಾಕಿದ ಮ್ಯಾಲ ಹೊಗಿ ಎದ್ದಾಗ ತಪ್ಪಾಯ್ತು ಅಂತ ತಿಳೀತು. ಏನು ಮಾಡೋದು, ಅಚ್ಚು ತಯಾರಿತ್ತು, ಹೊಯ್ದೆ. ನೀ ದೇವರು ಹೋದ ಅಂತ ಅಳ್ತಿದ್ದಿ. ಅದು ಜಸ್ತದ ಹೊಗಿ, ಬೇಟಾ.”

“ಹಳೇ ದೇವರೇ ಕರಗಿದ್ದು ಅಂತ ನೀವು ಬಂದು ಊರಾಗ ಹೇಳ್ತೀರೇನ್ರಿ ಚಾಚಾ? ನಾ ಜೀಪು ಮಾಡ್ತೇನಿ.”

“ಇಷ್ಟು ವರ್ಷ ಹಿಂದಿನ ಬಾಗಿಲಾಗ ಇಟ್ಟು, ಸಿಕ್ಕಿಬೀಳೋ ಹೊತ್ತಿಗೆ ನನ್ನ ಮುಂದ ತರ್ತೀಯೇನು?” ಮುದುಕನ ದನಿ ಏರಿತು. “ನಿಮ್ಮಪ್ಪ ಮುಚ್ಚಿದ. ಮೊದಲ ನೀ ನಿನ್ನ ಬಾಯಿಲೆ ಎಲ್ಲರ ಮುಂದ ತಗಿ. ಆಮ್ಯಾಲ ನನ್ನ ಕೇಳು. ನೀ ಹೇಳೋಕಿಂತ ಮೊದಲ ಮಕ್ಬೂಲ ಒಂದು ಮಾತೂ ಆಡಂಗಿಲ್ಲ.”

ಫರಹತ ಒಂದು ಚೀಟಿಯ ಮೇಲೆ ಫೋನ್ ನಂಬರು ಬರೆದು ಕೊಟ್ಟಳು. ಮಾವನ ಕಡೆ ಕಣ್ಣು ಮಾಡಿ, “ಸಿಟ್ಟು ಇಳೀತದರಿ, ಆದರ ಮಾತು ಬದಲಾಗಂಗಿಲ್ಲ,” ಎಂದಳು.

ಬೇಸ್ತವಾರ ಹತ್ತಕ್ಕೆಲ್ಲ ಗುಡಿಯ ಮುಂದೆ ಊರು ನೆರೆದಿತ್ತು. ರಾಶಿ ನಿಲ್ಲಿಸಿ ಬಂದವರ ತಲೆಗಳ ಮೇಲೆಲ್ಲ ಹೊಟ್ಟು. ಔರಾದದ ಕಡೆಯಿಂದ ಜೀಪು ಬಂತು. ಮಂಜಿರಿ ಮೂವತ್ತೈದರ ಆಸುಪಾಸಿನವರು. ಚಪ್ಪಲಿ ಹೊರಗೆ ಬಿಟ್ಟು, ಮೊದಲು ಕೈಮುಗಿದು, ಆಮೇಲೆ ಪೆಟ್ಟಿಗೆ ತೆರೆದರು. ಯಂತ್ರ ಬಿಸಿಗಾಳಿಯಲ್ಲಿ ಕೂದಲು ಒಣಗಿಸುವ ಸಾಧನದಂತಿತ್ತು. ಗುರೂಜಿ ಒಗೆದ ಧೋತರ ಉಟ್ಟು, ಮೇಡಂಗೆಂದು ಕೈಯಲ್ಲಿ ಒಂದು ಹಾರ ಹಿಡಿದು ನಿಂತಿದ್ದರು.

ಮಂಜಿರಿ ಮೂರ್ತಿಯ ಮುಂದೆ ಕೂತು ಸುತ್ತಲೂ ನೋಡಿದರು. ಪೀಠದ ಬಳಿ ಬೆರಳು ಆಡಿಸಿ, “ಇಲ್ಲಿ ಅರಗು ಯಾಕ ಹಾಕೀರಿ?” ಎಂದರು.

ಹೆಂಗಸರ ಸಾಲಿನಲ್ಲಿ ವಿಮಲಾಬಾಯಿ ನಿಂತಿರುವುದು ಮಡೆಪ್ಪನಿಗೆ ಗೊತ್ತಿತ್ತು. ಆ ಕಡೆ ನೋಡಲಿಲ್ಲ.

“ಮೇಡಂ, ಮಷಿನ್ ಹಚ್ಚೋಕಿಂತ ಮೊದಲ ನಂದೊಂದು ಮಾತದರಿ.” ಮಡೆಪ್ಪ ಒಂದು ಹೆಜ್ಜೆ ಮುಂದೆ ಬಂದ. “ಇದು ಹಳೇದಲ್ಲರಿ. ಐವತ್ತು ವರ್ಷದ ಹಿಂದ ನಮ್ಮಪ್ಪನ ಕೈಯಾಗ ಕುದುರಿ ಕಾಲು ಮುರೀತು. ಬೀದರದಾಗ ಮಕ್ಬೂಲ ಅನ್ನೋರು ಅದನ್ನೇ ಕರಗಿಸಿ ಮತ್ತ ಎರಕ ಹೊಯ್ದಾರ. ನಾ ಕಣ್ಣಿಲೆ ನೋಡೇನಿ. ಊರಿಗೆ ನಾವು ಹೇಳಲಿಲ್ಲ.”

ಎಲ್ಲರೂ ಒಮ್ಮೆಗೇ ಮಾತಾಡಿದರು.

“ಕರಗಿಸಿದ್ರೋ, ಮಾರಿದ್ರೋ?”

“ಕಂಚಿನ ದೇವರಿಗೆ ಬೊಂಬಾಯಿದಾಗ ಲಕ್ಷ ಲಕ್ಷ ಬರ್ತದಂತ. ಅದಕ್ಕ ಆ ವರ್ಷ ಗುಂಡಪ್ಪ ಬಾವಿ ತೋಡಿಸಿದ!”

“ಬಾವಿ ತೋಡಿಸಿದ್ದು ನಾಲ್ಕು ವರ್ಷ ಆದ ಮ್ಯಾಲ!” ಎಂದಳು ವಿಮಲಾಬಾಯಿ, ಅಷ್ಟು ಗಂಡಸರ ನಡುವೆ.

ಗುರೂಜಿ ಹಾರವನ್ನು ಕೆಳಗಿಟ್ಟರು. “ಮಡೆಪ್ಪಾ, ನಾ ಮೂವತ್ತು ವರ್ಷ ಗೋಡಿ ಮ್ಯಾಲ ಬರದೇನಿ. ನೀ ದಿನಾ ಆ ಗೋಡಿ ಮುಂದ ಹಾದು ಹೋಗ್ತಿದ್ದಿ. ಒಂದ್ ದಿನ ನನ್ನ ಕಿವ್ಯಾಗ ಹೇಳಬಾರದಿತ್ತೇನೋ?”

ಮಂಜಿರಿ ಯಂತ್ರವನ್ನು ಕುದುರೆಯ ಪಕ್ಕೆಗೆ ಒತ್ತಿ ಹಿಡಿದರು. ಅದರ ಪರದೆಯಲ್ಲಿ ಅಂಕಿಗಳು ಮೂಡಿದವು: ತಾಮ್ರ, ತವರ, ಸೀಸ, ಅದರ ಮೇಲೆ ಸತು. ಮೈಲಾರನ ಎದೆಗೆ ಹಿಡಿದರು. ಅಲ್ಲೂ ಸತು. “ಇದರಾಗ ಸತು ಬಹಳ ಅದ. ಈ ಭಾಗದ ಹಳೇ ಕಂಚಿನಾಗ ಇಷ್ಟು ಇರೋದಿಲ್ಲ. ಅವರು ಹೇಳಿದ್ದು ಸರಿ, ಇದು ಈಚಿನ ಎರಕ. ಆದರ ಹಳೇ ಲೋಹಾನೇ ಇದರಾಗ ಹೋಗ್ಯಾದೋ ಇಲ್ಲೋ, ಅದನ್ನ ಈ ಯಂತ್ರ ಹೇಳಲಿಕ್ಕೆ ಬರೋದಿಲ್ಲ.”

“ಅಂದ್ರ ಮಾರಿದ್ದೇ!” ಎಂದಿತು ಹಿಂದಿನಿಂದ ಒಂದು ದನಿ. ಯಾರೋ ಮಡೆಪ್ಪನ ಅಂಗಿಯನ್ನು ಹಿಂದಿನಿಂದ ಎಳೆದರು. ಅವನು ಫರಹತ ಬರೆದುಕೊಟ್ಟಿದ್ದ ಚೀಟಿಯನ್ನು ತೆಗೆದು ಮಂಜಿರಿಯವರ ಕೈಗೆ ಕೊಟ್ಟ.

ಮಂಜಿರಿ ಆ ನಂಬರಿಗೆ ಫೋನ್ ಮಾಡಿ, ದನಿ ಎಲ್ಲರಿಗೂ ಕೇಳುವಂತೆ ಇಟ್ಟು, ಫೋನನ್ನು ಮಾಳವ್ವನ ಪಾದದ ಬಳಿ ಮಲಗಿಸಿದರು. ಆ ಕಡೆ ಫರಹತ ಎತ್ತಿ ಮಾವನಿಗೆ ಕೊಟ್ಟಳು. ಮಕ್ಬೂಲ ಮೊದಲು ಕೇಳಿದ್ದು, “ಗುಂಡಪ್ಪನ ಮಗ ತನ್ನ ಬಾಯಿಲೆ ಹೇಳ್ಯಾನೇನು?”

“ಹೇಳ್ಯಾರ್ರಿ,” ಎಂದರು ಮಂಜಿರಿ. “ಎಲ್ಲರ ಮುಂದ.”

“ಹಾಂಗಾದ್ರ ಕೇಳ್ರಿ.” ಮುದುಕ ಕಾಲು, ತಾಟು, ಜಸ್ತ ಎಲ್ಲ ಹೇಳಿದ. ಮಂದಿ ಗುಸುಗುಸು ನಿಲ್ಲಿಸಲಿಲ್ಲ; ಇಬ್ಬರೂ ಕೂಡಿ ಕಟ್ಟಿದ ಕಥೆಯೂ ಆಗಬಹುದಲ್ಲ. ಮಂಜಿರಿ ಒಂದು ಪ್ರಶ್ನೆ ಕೇಳಿದರು: “ಎಲ್ಲಾನೂ ಕರಗಿಸಿದ್ರೇನು? ಹಳೇದು ಒಂದು ಚೂರೂ ಉಳೀಲಿಲ್ಲೇನು?”

“ನಾಯಿ ಕರಗಿಸಿಲ್ಲ.”

“ಏನಂದ್ರಿ?”

“ನಾಯಿರಿ. ಅದು ಬಿಡಿಯಾಗಿತ್ತು, ಮೊಳಿ ಮ್ಯಾಲ ಕೂತಿತ್ತು. ಅದಕ್ಕ ಏನೂ ಆಗಿರಲಿಲ್ಲ. ಸುಮ್ಮನ ಯಾಕ ಬೆಂಕಿಗೆ ಹಾಕಲಿ? ಮಲ್ಲೂಖಾನನ ನಾಯಿ ಅದು. ನಿಮ್ಮ ಮೈಲಾರನನ್ನ ನಮ್ಮ ಅಮ್ಮಿ ಹಂಗೇ ಕರೀತಿದ್ದಳು. ಅದನ್ನ ಹಾಂಗೇ ಹೊಸ ಮೂರ್ತಿ ತಳಕ್ಕ ಬಡದು ಕೂಡಿಸಿದೆ.”

ಮಂಜಿರಿ ನಾಯಿಯ ಬೆನ್ನಿನ ಮೇಲಿನ ಭಂಡಾರ ಒರೆಸಿ ಯಂತ್ರ ಹಿಡಿದರು. ತಾಮ್ರ, ತವರ, ಸೀಸ. ಸತುವಿನ ಎದುರು ಏನೂ ಇರಲಿಲ್ಲ. ಇನ್ನೊಮ್ಮೆ ಹಿಡಿದರು. ಪುಸ್ತಕ ತೆಗೆದು ಎರಡೂ ಕಡೆಯ ಅಂಕಿಗಳನ್ನು ಬರೆದು, ತುಸು ಹೊತ್ತು ಲೆಕ್ಕ ಹಾಕಿದರು. ಮಡೆಪ್ಪನಿಗೆ ಆ ಹೊತ್ತು ಹೊಲದ ಒಂದು ಸುತ್ತು ಉತ್ತಷ್ಟು ಉದ್ದವಾಯಿತು.

“ಕುದುರೆಯಿಂದ ಸತು ತೆಗೆದು ನೋಡಿದರ,” ಎಂದರು ಕೊನೆಗೆ, “ತಾಮ್ರಕ್ಕ ತವರ, ಸೀಸ ಇರೋ ಪ್ರಮಾಣ ಈ ನಾಯಿಯೊಳಗಿನಷ್ಟೇ ಹೆಚ್ಚು ಕಡಿಮಿ ಬರ್ತದ. ಬೇರೆ ಕಡೆಯ ಲೋಹ ಇದ್ದರ ಹಿಂಗ ಕೂಡೋದು ಕಷ್ಟ. ನಾಯಿ ಯಾವ ಮೂರ್ತಿಯದೋ, ಆ ಮೂರ್ತಿಯೇ ಇದರಾಗ ಕರಗ್ಯಾದ ಅಂತ ನಾ ನಂಬ್ತೇನಿ. ಹಾಂಗೇ ಬರದು ಕೊಡ್ತೇನಿ.”

“ಮತ್ತ ನೋಂದಣಿರಿ?” ಎಂದರು ಗುರೂಜಿ.

“ನೂರು ವರ್ಷ ಆಗದ್ದನ್ನ ಬರಕೊಳ್ಳಲಿಕ್ಕೆ ಬರೋದಿಲ್ಲ ಸರ್. ಇನ್ನೊಂದು ಪರೀಕ್ಷೆ ಆಗಬೇಕು. ಆಮ್ಯಾಲೂ ನೋಂದಣಿ ಆಗೋದಾದ್ರ ನಾಯಿದು ಒಂದೇ.”

“ಗುರೂಜಿ, ಗೋಡಿ ಮ್ಯಾಲ ‘ಮೈಲಾರನ ನಾಯಿ’ ಅಂತ ತಿದ್ರಿ!” ಎಂದ ಒಬ್ಬ. ನಗೆ ಎದ್ದಿತು. ಮಡೆಪ್ಪನ ಅಂಗಿ ಹಿಡಿದಿದ್ದ ಕೈ ಯಾವಾಗ ಬಿಟ್ಟಿತೋ ಅವನಿಗೆ ಗೊತ್ತಾಗಲಿಲ್ಲ. ಗುರೂಜಿ ನಗಲಿಲ್ಲ. ಹಾರವನ್ನು ನೆಲದಿಂದ ಎತ್ತಿ ಮೂರ್ತಿಗೇ ಹಾಕಿ, ಮಡೆಪ್ಪನ ಕಡೆ ನೋಡದೆ ಗಾಡಿ ಹತ್ತಿದರು. ಕೆಲವರು ಭಂಡಾರ ಮುಟ್ಟಿ ಆಣೆ ಮಾಡು ಎಂದರು. ಮಾಡಿದ. ಕೆಲವರು ನಂಬಿದರು. ನಾಲ್ಕೈದು ಮನೆಯವರು ಅಂದಿನಿಂದ ಅವನ ಕೈಯ ಭಂಡಾರ ತೆಗೆದುಕೊಳ್ಳದೆ, ತಾವೇ ಬಟ್ಟಲಿನಿಂದ ಹಚ್ಚಿಕೊಳ್ಳತೊಡಗಿದರು.

ನಾಲ್ಕು ದಿನ ಬಿಟ್ಟು ಮಡೆಪ್ಪ ಸೋಯಾ ಮಾರಲು ಭಾಲ್ಕಿಗೆ ಹೋದ. ಹತ್ತು ವರ್ಷದಿಂದ ಅವನು ಹೊಲಕ್ಕೆ ಜೋಳ ಹಾಕಿರಲಿಲ್ಲ; ಸೋಯಾ, ತೊಗರಿ, ಕಡ್ಲೆ, ಅಷ್ಟೇ. ಅಲ್ಲಿಯೇ ಅಡತಿ ಅಂಗಡಿಯಲ್ಲಿ ಒಂದು ಚೀಲ ಬಿಳಿ ಜೋಳ ಕೊಂಡು, ಬಸ್ಸಿನ ಮೇಲೆ ಹಾಕಿಸಿ ಬೀದರಿಗೆ ಒಯ್ದ. ಬಸ್ ಸ್ಟ್ಯಾಂಡಿನಲ್ಲಿ ಊರಿನವನೊಬ್ಬ ಸಿಕ್ಕು, “ಎಲ್ಲಿಗೋ ಜ್ವಾಳ?” ಎಂದ. “ಮಕ್ಬೂಲ ಚಾಚಾಗ. ದೇವರ ಆಯ,” ಎಂದು ಗಟ್ಟಿಯಾಗಿ ಹೇಳಿದ.

ಮಕ್ಬೂಲ ಚೀಲದ ಬಾಯಿ ಬಿಚ್ಚಿಸಿ, ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ ಮೂಸಿದ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಡಿದ.

“ಇದು ಪೇಟಿ ಜ್ವಾಳ.”

“ಭಾಲ್ಕಿದಾಗ ಕೊಂಡೇನ್ರಿ. ಚಲೋದೇ ಅದ.”

“ಚಲೋ ಇರಬಹುದು. ನಿಮ್ಮಪ್ಪ ಹೇಳಿದ್ದು ಹೊಲದ್ದು. ಕೊಂಡು ತಿನ್ನೋದಾದ್ರ ನನ್ನ ಸೊಸಿನೇ ಕೊಂಡು ತರ್ತಾಳ.” ಹಿಡಿಯಲ್ಲಿದ್ದದ್ದನ್ನು ಚೀಲಕ್ಕೆ ಸುರಿದ. “ಒಯ್ದುಬಿಡು. ಸುಗ್ಗಿಗೆ ತಾ.”

“ಅಪ್ಪಾ, ಭಾರ ಹೊತ್ತು ಬಂದಾರ, ಇರಲಿ ಬಿಡ್ರಿ,” ಎಂದಳು ಫರಹತ.

“ಇಟ್ಟುಕೊಂಡ್ರ ಋಣ ತೀರಿತು ಅಂದುಕೊಂಡು ಮತ್ತ ಐವತ್ತು ವರ್ಷ ಬರಂಗಿಲ್ಲ ಇವ. ನನಗ ಗೊತ್ತಿಲ್ಲೇನು, ಗುಂಡಪ್ಪನ ಮಗ!”

ಮಡೆಪ್ಪ ಫರಹತ ಕೊಟ್ಟ ಚಹಾ ಕುಡಿದು, ಚೀಲವನ್ನು ಮತ್ತೆ ಹೆಗಲಿಗೇರಿಸಿಕೊಂಡು ಹೊರಟ. ಮನೆ ಮುಟ್ಟಿದಾಗ ವಿಮಲಾಬಾಯಿ ಅಂಗಳದಲ್ಲಿ ಬಿತ್ತನೆಯ ಕಡ್ಲೆ ಆರಿಸುತ್ತಿದ್ದಳು. ಜೋಳದ ಚೀಲ ನೋಡಿ ಕೈ ನಿಲ್ಲಿಸಿದಳು.

“ತಗೊಳ್ಳಲಿಲ್ಲೇನ್ರಿ?”

“ಹೊಲದ್ದೇ ಬೇಕಂತ.”

ಆಕೆ ಮೊರವನ್ನು ಬದಿಗಿಟ್ಟಳು. “ಕೆಳಗಿನ ಹೊಲದ ತುಂಡಿನಾಗ ಹಸಿ ಇನ್ನೂ ಎಂಟು ದಿನ ಇರ್ತದ, ಜ್ವಾಳ ಬಿತ್ತಲಿಕ್ಕೆ ಬರ್ತದ. ಬೀಜದ ಜ್ವಾಳ ನಮ್ಮ ಓಣಿ ದಾನಮ್ಮನ ಮನ್ಯಾಗ ಅದ. ಆದರ ಆಕಿ ನಮ್ಮ ಕೂಡ ಮಾತಾಡಲತಿಲ್ಲ, ಗುಡಿಯ ದಿನದಿಂದ.”

“ನಾ ಕೇಳ್ತೇನಿ,” ಎಂದ ಮಡೆಪ್ಪ. ಚೀಲ ಇಳಿಸಿ, ಮುಖಕ್ಕೆ ನೀರು ಹಾಕಿಕೊಂಡು, ಖಾಲಿ ಸೇರನ್ನು ಕೈಯಲ್ಲಿ ಹಿಡಿದು ಓಣಿಗಿಳಿದ.